ಲಾಸ್ಟ್ ಲ್ಯಾಪ್ ಬಂದಾಗ ಕರಿ ಮಾರಾಯ

ಭಾನುವಾರದಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೇನೆ, ಇನ್ನು ಆಗುವುದಿಲ್ಲ, ಬರೆದೇ ಬಿಡುತ್ತೇನೆ. ಭಾವ ಫೇಸ್‌ಬುಕ್‌ನಲ್ಲಿ ಇಲ್ಲ, ಅಕ್ಕ ಇದ್ದಾಳೆ, ಓದಿ ಹೇಳ್ತಾಳೆ. ಹೇಳಲಿ.

ಕಟಪಾಡಿಯಲ್ಲಿ ಅಕ್ಕನ ಮನೆ. ಹೊರಗೆ ಆಟಿ ತಿಂಗಳ ಮಳೆ, ಒಳಗೆ ಪತ್ರೊಡೆ. ಸಿಂಗಾಪುರದ ವಿಶ್ವ ಈಜು ಚಾಂಪಿಯನ್‌ಶಿಪ್‌ನಲ್ಲಿ ಅವತ್ತು ಗಂಡಸರ 1500 ಮೀಟರ್ ಫ್ರೀಸ್ಟೈಲ್ ಫೈನಲ್. ನನ್ನ ಈಜಿನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಮೊಬೈಲನ್ನು ಚೊಂಬಿಗೆ ಒರಗಿಸಿ ಇಟ್ಟು, ಭಾವನನ್ನು ಕರೆದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು: "ಎಷ್ಟು ಹೊತ್ತುಂಟು ಅದು?"

"ಹದಿನಾಲ್ಕೂವರೆ ನಿಮಿಷ ಭಾವ."

"ಲಾಸ್ಟ್ ಲ್ಯಾಪ್ ಬಂದಾಗ ಕರಿ ಮಾರಾಯ."

ಟಿವಿಯಲ್ಲಿ ಇದ್ದದ್ದು ಎಂತ ಗೊತ್ತಾ? ಇಂಗ್ಲೆಂಡ್ ವಿರುದ್ಧದ ಓವಲ್ ಕ್ರಿಕೆಟ್ ಟೆಸ್ಟ್. ನಾಲ್ಕನೇ ದಿನ!

ಕರೆದೆ. ಬಂದರು, ಪತ್ರೊಡೆ ಬಾಯಲ್ಲಿಟ್ಟುಕೊಂಡು ಅರ್ಧ ನಿಮಿಷ ನೋಡಿದರು, "ಇಷ್ಟೇಯಾ?" ಅಂದರು, ಹೋದರು. ಟ್ಯುನೀಷಿಯಾದ ಅಹ್ಮದ್ ಜವಾದಿ ಗೆದ್ದಿದ್ದ, 14:34.41. ನಾಲ್ಕು ದಿನ ಮೊದಲಷ್ಟೇ 800 ಮೀಟರ್ ಚಿನ್ನವನ್ನೂ ಅವನೇ ಹೊಡೆದಿದ್ದ. ಜರ್ಮನಿಯ ಸ್ವೆನ್ ಶ್ವಾರ್ಟ್ಸ್ ಎರಡನೆಯವನು. ಎರಡು ಒಲಿಂಪಿಕ್ಸ್‌ನಲ್ಲಿ ಇದೇ ರೇಸಿನ ಚಿನ್ನ ಗೆದ್ದ ಅಮೆರಿಕದ ಬಾಬಿ ಫಿಂಕ್ ಮೂರನೆಯವನು, 14:36.60. (ಈ ಸಲ ಅಮೆರಿಕದ ತಂಡಕ್ಕೆ ಥಾಯ್ಲೆಂಡ್ ಕ್ಯಾಂಪಿನಲ್ಲೇ ಹೊಟ್ಟೆ ಕೆಟ್ಟಿತ್ತು, ಪಾಪ. ಅದಿರಲಿ.)

ಈಗ ಲೆಕ್ಕ ಹಾಕಿ. ಚಿನ್ನಕ್ಕೂ ಕಂಚಿಗೂ ನಡುವೆ 2.19 ಸೆಕೆಂಡು. ಐವತ್ತು ಮೀಟರಿನ ಕೊಳದಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ 30 ಸಲ. ಒಂದು ಸಲಕ್ಕೆ ಹಂಚಿದರೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಸಿಗುವುದಿಲ್ಲ. ಅಷ್ಟನ್ನು ಫಿಂಕ್ ಎಲ್ಲಿ ಬಿಟ್ಟ? ಹನ್ನೊಂದನೇ ತಿರುವಿನಲ್ಲಿ ಗೋಡೆಗೆ ಕಾಲು ಸ್ವಲ್ಪ ತಡವಾಗಿ ತಾಗಿತಾ? ಹದಿನೆಂಟರಲ್ಲಿ ಒಂದು ಉಸಿರು ಜಾಸ್ತಿ ತೆಗೆದುಕೊಂಡನಾ? ಅದೆಲ್ಲ ಆಗುವುದು ಭಾವ ಟಿವಿ ನೋಡುತ್ತಿದ್ದಾಗ!

ಲಾಸ್ಟ್ ಲ್ಯಾಪ್ ಮಾತ್ರ ನೋಡುವ ಈ ರೋಗ ಶುರುವಾದದ್ದು ಟೋಕಿಯೋ ಒಲಿಂಪಿಕ್ಸ್‌ನಿಂದ ಅಂತ ನನ್ನ ಅಭಿಪ್ರಾಯ. ಅಲ್ಲಿ ಫಿಂಕ್ ಕೊನೆಯ ಐವತ್ತು ಮೀಟರನ್ನು 25.78 ಸೆಕೆಂಡಿನಲ್ಲಿ ಈಜಿ ಎಲ್ಲರನ್ನೂ ಹಿಂದೆ ಹಾಕಿದ. ಆ ಕ್ಲಿಪ್ ಎಲ್ಲರ ಮೊಬೈಲಿಗೂ ಬಂತು. ಅಲ್ಲಿಂದ 1500 ಅಂದ್ರೆ 1450 ಮೀಟರ್ ಸುಮ್ನೆ, ಆಮೇಲೆ 50 ಮೀಟರ್ ರೇಸ್ ಅಂತ ಜನ ತಿಳಿದುಕೊಂಡರು. ಆದರೆ ಅದೇ ಫಿಂಕ್ 2024ರಲ್ಲಿ ಪ್ಯಾರಿಸ್‌ನಲ್ಲಿ ಎಂತ ಮಾಡಿದ? ಶುರುವಿನಿಂದಲೇ ಮುಂದೆ ಹೋದ. 14:30.67. ಲಂಡನ್‌ನಲ್ಲಿ ಚೀನಾದ ಸುನ್ ಯಾಂಗ್ ಮಾಡಿದ್ದ 14:31.02ರ ವಿಶ್ವದಾಖಲೆ 12 ವರ್ಷ ಅಲ್ಲಾಡದೆ ಕೂತಿತ್ತು, ಅದು ಹೋಯಿತು. ಅವತ್ತು ಲಾಸ್ಟ್ ಲ್ಯಾಪಿಗೆ ಕರೆದಿದ್ದರೆ ಭಾವನಿಗೆ ಕಾಣುತ್ತಿದ್ದದ್ದು ಮುಂದೆ ಒಬ್ಬನೇ ಈಜುತ್ತಿರುವ ಒಂದು ಜನ. "ಇದರಲ್ಲಿ ಎಂತ ಉಂಟು" ಅನ್ನುತ್ತಿದ್ದರು.

"ಎಲ್ಲರೂ ಒಂದೇ ಥರ ಕೈ ಬೀಸಿಕೊಂಡು ಹೋಗ್ತಾರೆ, ನೋಡುವವರಿಗೆ ಬೋರ್ ಆಗೂದಿಲ್ವಾ" ಅಂತ ಅಕ್ಕ ಭಾವನ ಪರ ವಹಿಸಿದಳು. ಸರಿ, ಬೋರ್. ಇದೇ ಭಾವ ಕಂಬಳಕ್ಕೆ ಹೋದರೆ ರಾತ್ರಿಯಿಡೀ ಕರೆಯ (ಕೋಣ ಓಡುವ ಗದ್ದೆಯ) ಬದಿಯಲ್ಲಿ ಕೂರುತ್ತಾರೆ. ನೇಗಿಲು ಕಿರಿಯ ವಿಭಾಗದಲ್ಲಿ ಜೋಡಿ ಮೇಲೆ ಜೋಡಿ ಬರುತ್ತಲೇ ಇರುತ್ತವೆ, ಎಲ್ಲವೂ ಒಂದೇ ಥರ ಓಡುತ್ತವೆ (ನನ್ನ ಕಣ್ಣಿಗೆ), ಇವರು ಮಾತ್ರ ಗಂತಿನಲ್ಲಿ (ಓಟ ಶುರುವಾಗುವ ಜಾಗದಲ್ಲಿ) ಬಲಬದಿಯ ಕೋಣ ಕತ್ತು ತಿರುಗಿಸಿದ್ದನ್ನೂ ನೆನಪಿಟ್ಟು ವಾರಗಟ್ಟಲೆ ಹೇಳುತ್ತಾರೆ. ಒಂದು ದಿನವೂ "ಫೈನಲ್ ಬಂದಾಗ ಕರಿ" ಅಂದವರಲ್ಲ. ಅಲ್ಲಿ ನೋಡಲು ಗೊತ್ತುಂಟು, ಇಲ್ಲಿ ಕಲಿಯಲು ಮನಸ್ಸಿಲ್ಲ, ಅಷ್ಟೇ.

ನಾನೇನು ದೊಡ್ಡ ಸಾಚಾ ಅಲ್ಲ ಬಿಡಿ. ಬೆಳಗಿನ ತನಕ ಕೂತು ಯಕ್ಷಗಾನ ಆಟ ನೋಡಿ ಹದಿನೈದು ವರ್ಷವಾಯಿತು. ಈಗ ಕಾಲಮಿತಿಯ ಯಕ್ಷಗಾನಕ್ಕೆ ಹೋಗಿ, ಅದರಲ್ಲೂ ಹತ್ತೂವರೆಗೆ ಗಡಿಯಾರ ನೋಡುತ್ತೇನೆ. ಅಪ್ಪ ಇದ್ದಿದ್ದರೆ ನನ್ನ ಬಗ್ಗೆ ಇಷ್ಟೇ ಉದ್ದದ ಪೋಸ್ಟ್ ಹಾಕುತ್ತಿದ್ದರು.

ಆದರೆ ಈಜಿನ ವಿಷಯದಲ್ಲಿ ಬಿಡುವುದಿಲ್ಲ. ತೋಟದ ಕೆರೆಯಲ್ಲಿ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಕಲಿತವನು ನಾನು. ನಲವತ್ತು ದಾಟಿದ ಮೇಲೆ ಒಮ್ಮೆ ಹಟಕ್ಕೆ ಬಿದ್ದು 25 ಮೀಟರಿನ ಕೊಳದಲ್ಲಿ 1500 ಹೊಡೆದೆ. ಅರುವತ್ತು ಸಲ. ತೋಳಿಗಿಂತ ಮೊದಲು ಸೋತದ್ದು ಲೆಕ್ಕ. ಮೂವತ್ತಮೂರಾ, ಮೂವತ್ತನಾಲ್ಕಾ? ಸಂಶಯ ಬಂದಾಗೆಲ್ಲ ಒಂದು ಕಡಿಮೆ ಹಿಡಿದೆ, ಹಾಗಾಗಿ ಎಷ್ಟು ಈಜಿದ್ದೆನೋ ಆ ದೇವರಿಗೇ ಗೊತ್ತು. ದೊಡ್ಡ ಸ್ಪರ್ಧೆಗಳಲ್ಲಿ ಪ್ರತಿ ಲೇನಿನ ತುದಿಯಲ್ಲೂ ಅಂಕಿಯ ಫಲಕ ಇರುತ್ತದೆ, ಇನ್ನೆಷ್ಟು ಬಾಕಿ ಅಂತ ತೋರಿಸಲು. ಕೊನೆಗೆ ಗಂಟೆಯನ್ನೂ ಬಾರಿಸುತ್ತಾರೆ. ಜಗತ್ತಿನ ಅತಿ ಒಳ್ಳೆಯ ಈಜುಗಾರರಿಗೂ ನಡುವಿನಲ್ಲಿ ಲೆಕ್ಕ ತಪ್ಪಬಹುದು ಅಂತ ತಾನೇ ಅದು? ಆ ನಡುವನ್ನೇ ನೋಡುವುದಿಲ್ಲ ಅಂದರೆ ಹೇಗೆ ಭಾವ?

ಸೋಮವಾರ ಸಂಜೆ ಆಫೀಸಿನಲ್ಲಿದ್ದೆ. ಭಾವನ ಫೋನು. ಹಿಂದೆ ಟಿವಿಯ ಗದ್ದಲ, ಇವರ ಸ್ವರ ಒಡೆದು ಹೋಗಿದೆ. ಭಾರತ 6 ರನ್ನಿನಿಂದ ಗೆದ್ದಿತ್ತು, ಸಿರಾಜ್ ಕೊನೆಯ ವಿಕೆಟನ್ನು ಬೌಲ್ಡ್ ಮಾಡಿದ್ದ, ಇಂಗ್ಲೆಂಡಿನ ವೋಕ್ಸ್ ಗಾಯಗೊಂಡ ಕೈಯನ್ನು ಕಟ್ಟಿಕೊಂಡೇ ಕ್ರೀಸಿಗೆ ಬಂದಿದ್ದ. "ನೋಡಿದ್ಯಾ? ನೋಡಿದ್ಯಾ ಮಾರಾಯ?"

"ಇಲ್ಲ ಭಾವ, ಮೀಟಿಂಗ್ ಇತ್ತು. ಕೊನೆಯ ಓವರಿನ ಕ್ಲಿಪ್ ನೋಡ್ತೇನೆ."

"ಕ್ಲಿಪ್ಪಾ? ಐದು ದಿನ ಕೂತು ನೋಡಿದವನಿಗೆ ಮಾತ್ರ ಅದು ಗೊತ್ತಾಗೂದು!"

"ಹೌದಾ ಭಾವ" ಅಂದೆ.