ಪಿಲಿಕುಳದ ಗುಮ್ಮಟವನ್ನು ನಮ್ಮ ಅನಿಮೇಟರ್‌ಗಳಿಗೂ ಬಿಟ್ಟುಕೊಡಿ

ಕೆನಡಾದ ಮಾಂಟ್ರಿಯಲ್ ಪೇಟೆಯ ನಡುವೆ ಎಸ್‌ಎಟಿ ಅಂತ ಒಂದು ಕಲಾ ಸಂಸ್ಥೆ ಇದೆ. 2011ರಲ್ಲಿ ಅವರು ತಮ್ಮ ಕಟ್ಟಡದ ಮೇಲೆ ಒಂದು ಗುಮ್ಮಟ ಕಟ್ಟಿಸಿದರು. ಒಳಗಿನ ಗೋಡೆ, ಸೂರು ಎಲ್ಲವೂ ಪರದೆಯೇ. ಅಡ್ಡಗಲ 18 ಮೀಟರ್. ಮಂಗಳೂರು ಹತ್ತಿರದ ಪಿಲಿಕುಳದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯದ ಗುಮ್ಮಟವೂ 18 ಮೀಟರೇ. ಅದು 8ಕೆ, ಅಂದರೆ ತುಂಬಾ ಸೂಕ್ಷ್ಮವಾಗಿ ಚಿತ್ರ ಮೂಡಿಸುವಂಥದ್ದು, ಮೇಲಿಂದ 3ಡಿ ಬೇರೆ. ಯಂತ್ರದ ಲೆಕ್ಕದಲ್ಲಿ ನಮ್ಮೂರಿನದು ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಮಾಂಟ್ರಿಯಲ್‌ನ ಗುಮ್ಮಟಕ್ಕೆ ಅದೇ ಊರಿನ ಹುಡುಗ ಹುಡುಗಿಯರು ಕಿರುಚಿತ್ರ ಮಾಡುತ್ತಾರೆ, ಅದಕ್ಕೆ ಅಂತ ಒಂದು ದಾರಿಯನ್ನೇ ಮಾಡಿಟ್ಟಿದ್ದಾರೆ. ನಮ್ಮಲ್ಲಿ ಆ ದಾರಿ ಇನ್ನೂ ಆಗಿಲ್ಲ.

ನಾನು ಪುತ್ತೂರು ಕಡೆಯವನು. ಬೆಂಗಳೂರಿನಲ್ಲಿ ಕೆಲವು ವರ್ಷ ಕಂಪೋಸಿಟಿಂಗ್, ಅಂದರೆ ಬೇರೆ ಬೇರೆ ಚಿತ್ರದ ಪದರಗಳನ್ನು ಸೇರಿಸಿ ಒಂದೇ ದೃಶ್ಯ ಮಾಡುವ ಕೆಲಸ, ಮಾಡಿ ಈಗ ಮಾಂಟ್ರಿಯಲ್‌ನಲ್ಲಿ ಅದೇ ಕೆಲಸದಲ್ಲಿದ್ದೇನೆ. ಎರಡೂ ಕಡೆ ಹತ್ತಿರದಿಂದ ನೋಡಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ದೊಡ್ಡ ಪರದೆಯ ಹುಚ್ಚು ಮಾಂಟ್ರಿಯಲ್‌ಗೆ ಹಳೆಯದು. 1967ರಲ್ಲಿ ಇಲ್ಲಿ ಎಕ್ಸ್‌ಪೋ ಅನ್ನೋ ವಿಶ್ವಮೇಳ ಆಯಿತು. ಹತ್ತಾರು ಪ್ರೊಜೆಕ್ಟರ್ ಜೋಡಿಸಿ ಒಂದೇ ಸಲ ಹಲವು ಪರದೆಗಳ ಮೇಲೆ ಸಿನಿಮಾ ತೋರಿಸಿದರು. ಇಷ್ಟೆಲ್ಲ ಯಂತ್ರ ಯಾಕೆ, ಒಂದೇ ಪ್ರೊಜೆಕ್ಟರ್, ಒಂದೇ ದೊಡ್ಡ ಫಿಲ್ಮ್ ಸಾಕಲ್ವಾ ಅಂತ ಯೋಚಿಸಿದವರು ಐಮ್ಯಾಕ್ಸ್ ಅನ್ನೋ ದೈತ್ಯ ಪರದೆಯ ವ್ಯವಸ್ಥೆ ಕಟ್ಟಿದರು. ಅವರಲ್ಲಿ ಒಬ್ಬರಾದ ರೋಮನ್ ಕ್ರಾಯ್ಟರ್ ಬಂದಿದ್ದು ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನಿಂದ, ಅಂದರೆ ಸರ್ಕಾರದ ದುಡ್ಡಿನಲ್ಲಿ ಸಿನಿಮಾ ಮಾಡುವ ಸಂಸ್ಥೆಯಿಂದ. ಕೈಯಲ್ಲೇ ಗಾಳಿಯಲ್ಲಿ 3ಡಿ ಚಿತ್ರ ಬಿಡಿಸುವ ಸ್ಯಾಂಡಿ ಅನ್ನೋ ಸಾಧನವನ್ನು ಆಮೇಲೆ ರೂಪಿಸಿದ್ದೂ ಅವರೇ. ಫಿಲ್ಮ್ ಬೋರ್ಡ್‌ನ ಅನಿಮೇಟರ್‌ಗಳು ಅದನ್ನು ಹಿಡಿದು ಕಿರುಚಿತ್ರ ಮಾಡಿದರು. ಯಂತ್ರ ಕಟ್ಟುವವನೂ ಚಿತ್ರ ಬರೆಯುವವನೂ ಒಂದೇ ಓಣಿಯವರು ಅನ್ನೋ ಹಾಗಿತ್ತು.

ಇಷ್ಟು ದೊಡ್ಡ ಪರದೆಗೆ ಅನಿಮೇಷನ್ ಅಂದರೆ ಏನು ಅಂತ ತಿಳಿಯಬೇಕಾದರೆ ಒಂದು ಚಿತ್ರದ ಕತೆ ಹೇಳಲೇಬೇಕು. ರಷ್ಯಾದ ಅಲೆಕ್ಸಾಂಡರ್ ಪೆಟ್ರೋವ್ ಮಾಂಟ್ರಿಯಲ್‌ಗೆ ಬಂದು, ಅಮೆರಿಕದ ಲೇಖಕ ಹೆಮಿಂಗ್ವೇ ಬರೆದ ಮುದುಕ ಮೀನುಗಾರನ ಕತೆಯನ್ನು ಐಮ್ಯಾಕ್ಸ್‌ಗೆ ಮಾಡಿದರು. 1997ರಿಂದ 1999ರವರೆಗೆ, ಎರಡು ವರ್ಷಕ್ಕೂ ಜಾಸ್ತಿ ಕೆಲಸ. ಕೈಗೆ ಬಂದ ಚಿತ್ರ 20 ನಿಮಿಷ. 2000ದಲ್ಲಿ ಆಸ್ಕರ್ ಬಂತು.

ಅವರ ಕೆಲಸದ ರೀತಿ ನೋಡಿ. ಮೇಜಿನ ಹಾಗೆ ಹಾಸಿದ ಗಾಜು, ಅದರ ಕೆಳಗಿನಿಂದ ಬೆಳಕು. ಗಾಜಿನ ಮೇಲೆ ಬೇಗ ಒಣಗದ ಎಣ್ಣೆ ಬಣ್ಣ. ಬ್ರಷ್ ಕಡಿಮೆ, ಬೆರಳ ತುದಿಯೇ ಜಾಸ್ತಿ. ಒಂದು ಚಿತ್ರ ಮುಗಿಯುತ್ತಲೇ ಫೋಟೋ. ಆಮೇಲೆ ಅದೇ ಹಸಿ ಬಣ್ಣವನ್ನು ಬೆರಳಲ್ಲಿ ಸ್ವಲ್ಪ ಸರಿಸಿ, ದೋಣಿಯನ್ನೋ ಅಲೆಯನ್ನೋ ಕೂದಲೆಳೆಯಷ್ಟು ಮುಂದೆ ತಂದು, ಮತ್ತೆ ಫೋಟೋ. ಹಿಂದಿನ ಚಿತ್ರ ಅಳಿದೇ ಹೋಗುತ್ತದೆ, ತಿದ್ದಲು ಅವಕಾಶವಿಲ್ಲ. ಹೀಗೆ 29,000ಕ್ಕೂ ಹೆಚ್ಚು ಚಿತ್ರ. ಜೊತೆಗೆ ಕೈ ಸೇರಿಸಿದ್ದು ಅವರ ಮಗ. ಬೆಳಕನ್ನು ಹಿಂದಿನಿಂದ ಬಿಟ್ಟು ಬಣ್ಣಕ್ಕೆ ಜೀವ ಬರಿಸುವ ಈ ಲೆಕ್ಕ ನಮ್ಮ ತೊಗಲು ಗೊಂಬೆಯವರಿಗೆ ಹೊಸದೇನಲ್ಲ. ಆದರೆ ಐಮ್ಯಾಕ್ಸ್ ಪರದೆ ನಾಲ್ಕಾರು ಮಹಡಿ ಎತ್ತರ. ಬಣ್ಣದಲ್ಲಿ ಉಳಿದ ಬೆರಳಿನ ಗುರುತು ಪರದೆ ಮೇಲೆ ಗೇಣುದ್ದ ಕಾಣುತ್ತದೆ. ಅದಕ್ಕೇ ಪೆಟ್ರೋವ್ ತಮ್ಮ ಮಾಮೂಲಿ ಗಾಜು ಬಿಟ್ಟು ತುಂಬಾ ದೊಡ್ಡ ಗಾಜಿನ ಮೇಲೆ ಬರೆಯಬೇಕಾಯಿತು, ಕ್ಯಾಮೆರಾವನ್ನೂ ಇದಕ್ಕೆ ಅಂತಲೇ ಹೊಂದಿಸಿಕೊಳ್ಳಬೇಕಾಯಿತು.

ನನಗೆ ಇದರಲ್ಲಿ ಇಷ್ಟವಾಗುವುದು ಪೆಟ್ರೋವ್ ಅವರ ತಾಳ್ಮೆಗಿಂತ ಜಾಸ್ತಿ, ಅವರ ಹಿಂದೆ ನಿಂತವರ ತಾಳ್ಮೆ. ಕೆನಡಾ, ರಷ್ಯಾ, ಜಪಾನ್ ಮೂರೂ ಕಡೆಯವರು ದುಡ್ಡು ಹಾಕಿ ಎರಡು ವರ್ಷಕ್ಕೂ ಜಾಸ್ತಿ ಕಾದರು. ಚಿತ್ರ ಎಲ್ಲಿ ಓಡುತ್ತದೆ ಅಂತಲೂ ಮೊದಲೇ ಯೋಚಿಸಿದ್ದರು. ಆಗ ಐಮ್ಯಾಕ್ಸ್ ಇದ್ದಿದ್ದು ಹೆಚ್ಚಾಗಿ ವಿಜ್ಞಾನ ಕೇಂದ್ರ, ಮ್ಯೂಸಿಯಂಗಳಲ್ಲಿ. ಅಲ್ಲಿ ಒಂದು ಆಟ ಅಂದರೆ ಸುಮಾರು 40 ನಿಮಿಷ. 20 ನಿಮಿಷದ ಚಿತ್ರಕ್ಕೆ ಯಾರು ಟಿಕೆಟ್ ಕೊಳ್ಳುತ್ತಾರೆ? ಅದಕ್ಕೆ ಹೆಮಿಂಗ್ವೇ ಬಗ್ಗೆ ಇನ್ನೊಂದು ಕಿರು ಸಾಕ್ಷ್ಯಚಿತ್ರ ಮಾಡಿ ಜೊತೆ ಸೇರಿಸಿದರು. ಒಂದು ಆಟ ಆಯಿತು. ಕಿರುಚಿತ್ರಕ್ಕೆ ಮನೆ ಹುಡುಕುವುದು ಅಂದರೆ ಇದೇ.

ಬೆಂಗಳೂರಿನಲ್ಲಿ ಐಮ್ಯಾಕ್ಸ್ ಇರುವುದು ಮಾಲ್‌ಗಳಲ್ಲಿ. ಅಲ್ಲಿ ಎರಡೂವರೆ ಮೂರು ಗಂಟೆಯ ಸಿನಿಮಾ, ಮಧ್ಯೆ ಜಾಹೀರಾತು. ಹತ್ತು ನಿಮಿಷದ ಕನ್ನಡ ಅನಿಮೇಷನ್‌ಗೆ ಅಲ್ಲಿ ಜಾಗ ಕೇಳಿದರೆ ಸಿಗುವುದಿಲ್ಲ, ಬಾಡಿಗೆ ಕಟ್ಟುವ ವ್ಯಾಪಾರಿ ಕೊಡಬೇಕು ಅಂತ ನಾನು ಹೇಳುವುದೂ ಇಲ್ಲ. ಆದರೆ ತಾರಾಲಯದ ಗುಮ್ಮಟ ಜನರ ದುಡ್ಡಿನಲ್ಲಿ ಕಟ್ಟಿದ್ದು. ಅಲ್ಲಿ ಕೇಳುವ ಹಕ್ಕು ನಮಗಿದೆ.

ನಮ್ಮವರಿಗೆ ಕೆಲಸ ಬರುವುದಿಲ್ಲ ಅನ್ನುವ ಮಾತಂತೂ ಬೇಡ. ಹೊರದೇಶದ ಎಷ್ಟೋ ದೊಡ್ಡ ಸಿನಿಮಾಗಳ ಶಾಟ್‌ಗಳು ಬೆಂಗಳೂರಿನಲ್ಲೇ ಮುಗಿಯುತ್ತವೆ. ದೃಶ್ಯದೊಳಗಿನ ಆಕಾರಗಳನ್ನು ಬಿಡಿಸಿ ತೆಗೆಯುವ ರೋಟೋ ಮಾಡುವವರು, ಲೈಟಿಂಗ್ ಮಾಡುವವರು, ಪಾತ್ರ ಅಲ್ಲಾಡಲು ರಿಗ್ ಕಟ್ಟುವವರು, ರಾತ್ರಿ ಎರಡಕ್ಕೆ ರೆಂಡರ್, ಅಂದರೆ ಕಂಪ್ಯೂಟರ್ ಕೊನೆಯ ಚಿತ್ರ ಹೊರತರುವ ಕೆಲಸ, ಕೆಟ್ಟರೆ ಎದ್ದು ಕೂರುವವರು, ಎಲ್ಲರೂ ಇದ್ದಾರೆ. ಇಲ್ಲದಿರುವುದು ಇದು ನನ್ನ ಚಿತ್ರ ಅಂತ ಹೇಳುವ ಅವಕಾಶ. ನಮ್ಮಲ್ಲಿ ಕಿರುಚಿತ್ರ ಅಂದರೆ ಕೆಲಸ ಹುಡುಕಲು ಶೋರೀಲ್‌ಗೆ ಸೇರಿಸುವ ತುಣುಕು, ಕಾಲೇಜು ಮುಗಿಯಿತು ಅಂದರೆ ಅದೂ ಮುಗಿಯಿತು. 2025ರ ಆರಂಭದಲ್ಲಿ ಟೆಕ್ನಿಕಲರ್ ಅನ್ನೋ ದೊಡ್ಡ ವಿಎಫ್‌ಎಕ್ಸ್, ಅನಿಮೇಷನ್ ಕಂಪನಿ ಮುಳುಗಿದಾಗ ಬೆಂಗಳೂರು, ಮುಂಬೈಗಳಲ್ಲಿ ಸಾವಿರಾರು ಜನ ಒಮ್ಮೆಲೇ ಕೆಲಸ ಕಳೆದುಕೊಂಡರು. ಮಾಂಟ್ರಿಯಲ್‌ಗೂ ಪೆಟ್ಟು ಬಿತ್ತು. ಆದರೆ ಇಲ್ಲಿ ಕೆಲಸ ಹೋದವರಿಗೆ ಅರ್ಜಿ ಹಾಕಲು ಒಂದೆರಡು ಕಲಾ ಅನುದಾನ ಇತ್ತು, ತಟ್ಟಲು ಎಸ್‌ಎಟಿ, ಫಿಲ್ಮ್ ಬೋರ್ಡ್ ಬಾಗಿಲು ಇತ್ತು. ಇಲ್ಲಿಯೂ ಅನುದಾನ ಹೇರಳವಾಗಿಲ್ಲ, ಸಿಗುವುದು ಕೆಲವರಿಗೆ ಮಾತ್ರ. ಆದರೂ ಬಾಗಿಲು ಅಂತ ಒಂದಿದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಕೆಲಸ ಮಾಡುವ ಜಾಗದ್ದು. ಗುಮ್ಮಟಕ್ಕೆ ಚಿತ್ರ ಮಾಡುವಾಗ ಫ್ರೇಮ್ ಚೌಕಾಕಾರದ್ದು, ಒಳಗೆ ಚಿತ್ರ ದುಂಡಗೆ, ಫಿಶ್‌ಐ ಲೆನ್ಸಿನಲ್ಲಿ ಕಂಡ ಹಾಗೆ. ಇದಕ್ಕೆ ಡೋಮ್‌ಮಾಸ್ಟರ್ ಅನ್ನುತ್ತಾರೆ. 8ಕೆ ಅಂದರೆ ಅಡ್ಡಕ್ಕೂ ಉದ್ದಕ್ಕೂ 8192 ಪಿಕ್ಸೆಲ್, ಒಂದು ಫ್ರೇಮಿಗೆ 6.7 ಕೋಟಿ. ಸೆಕೆಂಡಿಗೆ 30ರಂತೆ ಐದು ನಿಮಿಷಕ್ಕೆ 9,000 ಫ್ರೇಮ್, 3ಡಿ ಆದರೆ ಎರಡು ಕಣ್ಣಿಗೂ ಬೇರೆ ಬೇರೆ, ಹಾಗಾಗಿ ಎರಡು ಪಟ್ಟು. ರೆಂಡರ್ ಖರ್ಚು ಬಿಡಿ, ಅದಕ್ಕಿಂತ ಕಷ್ಟದ್ದು ಬೇರೆ ಇದೆ. ಮಾನಿಟರ್ ಮೇಲೆ ಚೆನ್ನಾಗಿ ಕಂಡ ಕ್ಯಾಮೆರಾ ಓಟ ಗುಮ್ಮಟದಲ್ಲಿ ತಲೆ ತಿರುಗಿಸುತ್ತದೆ, ಪಟಪಟ ಕಟ್ ಮಾಡಿದರೆ ನೋಡುವವನಿಗೆ ತಾನು ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ, ಪಾತ್ರವನ್ನು ಸ್ವಲ್ಪ ಹಿಂದಕ್ಕೆ ಇಟ್ಟರೆ ಅರ್ಧ ಜನ ಕತ್ತು ತಿರುಗಿಸಿ ಸುಸ್ತಾಗುತ್ತಾರೆ. ಇದೆಲ್ಲ ಗುಮ್ಮಟದ ಒಳಗೆ ಕೂತು ನೋಡಿದರೇ ತಿಳಿಯುವುದು. ಎಸ್‌ಎಟಿಯಲ್ಲಿ ಕಲಾವಿದರನ್ನು ರೆಸಿಡೆನ್ಸಿಗೆ, ಅಂದರೆ ಸ್ವಲ್ಪ ಕಾಲ ಅಲ್ಲೇ ಇದ್ದು ಕೆಲಸ ಮಾಡಲು, ತೆಗೆದುಕೊಂಡು, ಅರೆಬರೆ ಚಿತ್ರವನ್ನು ಅಲ್ಲೇ ಹಾಕಿ ನೋಡಲು ಬಿಡುತ್ತಾರೆ. ನೋಡಿ, ತಿದ್ದಿ, ಮತ್ತೆ ಬನ್ನಿ. ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ನನ್ನ ತಲೆಯಲ್ಲಿ ಬಹಳ ದಿನದಿಂದ ಒಂದು ಚಿತ್ರ ಇದೆ. ಅಡಿಕೆ ತೋಟ. ನೋಡುವವರು ಕೆಳಗೆ, ಸೋಗೆ ಮೇಲೆ ಒರಗಿ ಕೂತ ಹಾಗೆ. ಸುತ್ತಲೂ ಕಂಬದ ಹಾಗೆ ಮರಗಳು, ಎಲ್ಲ ತುದಿಗಳೂ ಗುಮ್ಮಟದ ನಡುವೆ ಸೇರುತ್ತವೆ. ಒಬ್ಬ ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಹತ್ತುತ್ತಾನೆ, ಗೊನೆ ಕೊಯ್ದು ಹಗ್ಗದಲ್ಲಿ ಇಳಿಸುತ್ತಾನೆ, ಆಮೇಲೆ ಕೆಳಗೆ ಇಳಿಯದೆ ಮರವನ್ನೇ ತೂಗಿ ಪಕ್ಕದ ಮರವನ್ನು ಹಿಡಿಯುತ್ತಾನೆ. ಎರಡು ಮರ ಬಾಗುವ ಆ ಕ್ಷಣ ಮಾಮೂಲಿ ಪರದೆಯಲ್ಲಿ ಚಿಕ್ಕದು. ಗುಮ್ಮಟದಲ್ಲಿ ಅದು ನಮ್ಮ ನೆತ್ತಿಯ ಮೇಲೇ ಆಗುತ್ತದೆ. ಕ್ಯಾಮೆರಾ ಅಲ್ಲಾಡುವುದೇ ಬೇಡ, ಕಟ್ ಒಂದೂ ಬೇಡ. ಮಾತೂ ಬೇಕಾಗಿಲ್ಲ. ಇಂಥದ್ದನ್ನು ಮಾಂಟ್ರಿಯಲ್‌ನವರು ಮಾಡಲಾರರು, ಅವರು ಅದನ್ನು ಕೆಳಗೆ ನಿಂತು ನೋಡಿಲ್ಲ. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಅನಿಮೇಟರ್‌ಗೆ ರೆಫರೆನ್ಸ್ ಹುಡುಕುವ ಕೆಲಸವೇ ಇಲ್ಲ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ಅನಿಮೇಷನ್‌ಗೆ ಅಂತ 2012ರಲ್ಲೇ ದೇಶದಲ್ಲಿ ಮೊದಲು ನೀತಿ ತಂದ ರಾಜ್ಯ ನಮ್ಮದು. ಈಗ 2024ರಿಂದ 2029ರವರೆಗಿನ ಹೊಸ ನೀತಿಯೂ ಇದೆ. ಉದ್ಯೋಗ, ಸ್ಟಾರ್ಟಪ್, ಲ್ಯಾಬ್ ಎಲ್ಲ ಬೇಕು, ಸರಿ. ಅದರ ಪಕ್ಕದಲ್ಲಿ ವರ್ಷಕ್ಕೆ ನಾಲ್ಕೈದು ಕಿರುಚಿತ್ರಕ್ಕೆ ಒಂದು ಪುಟ್ಟ ನಿಧಿ ಇಡಲು ಏನು ಅಡ್ಡಿ? ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದವರು ತಾವೇ ತಯಾರಿಸಿದ ಪ್ರದರ್ಶನಗಳನ್ನು ಕನ್ನಡದಲ್ಲಿ ತೋರಿಸುತ್ತಾ ಬಂದಿದ್ದಾರೆ. ಅಂದರೆ ನಮ್ಮ ನೆಲದಲ್ಲೇ ಗುಮ್ಮಟಕ್ಕೆ ಕೆಲಸ ಮಾಡಿ ಗೊತ್ತಿರುವವರು ಇದ್ದಾರೆ. ಅವರನ್ನು ಕೂರಿಸಿಕೊಂಡು ಕಲಿಸಬಹುದು.

ಮೊದಲ ಹೆಜ್ಜೆಗೆ ದುಡ್ಡೂ ಅಷ್ಟು ಬೇಡ. ಆಟ ಇಲ್ಲದ ಹೊತ್ತಿನಲ್ಲಿ, ವಾರಕ್ಕೆ ಒಂದು ಸಂಜೆ, ಪಿಲಿಕುಳದ ಗುಮ್ಮಟವನ್ನು ಅನಿಮೇಟರ್‌ಗಳಿಗೆ ಬಿಟ್ಟುಕೊಡಲಿ. ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬರಲಿ, ಒಂದು ನಿಮಿಷದ ಟೆಸ್ಟ್ ಆದರೂ ಪರವಾಗಿಲ್ಲ, ಹಾಕಿ ನೋಡಲಿ. ಚೆನ್ನಾಗಿ ಬಂದ ಮೂರು ನಾಲ್ಕನ್ನು ತಾರಾಲಯದ ಮಾಮೂಲಿ ಆಟದ ಮುಂಚೆ ಐದು ನಿಮಿಷ ತೋರಿಸಲಿ. ಶಾಲೆ ಬಸ್ಸಿನಲ್ಲಿ ಬಂದ ಮಕ್ಕಳು ನಕ್ಷತ್ರದ ಜೊತೆ ನಮ್ಮ ತೋಟವನ್ನೂ ನೋಡಲಿ, ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ. ಮಂಗಳೂರು ಉಡುಪಿ ಕಡೆ ಅನಿಮೇಷನ್ ಕಲಿಸುವ ಕಾಲೇಜುಗಳವರು ಒಂದು ಪತ್ರ ಬರೆದರೆ ಈ ಮಾತು ಶುರುವಾಗುತ್ತದೆ. ಡೋಮ್‌ಮಾಸ್ಟರ್ ಸೆಟಪ್, ಫಿಶ್‌ಐ ರಿಗ್ ಬಗ್ಗೆ ಯಾರಿಗಾದರೂ ಸಹಾಯ ಬೇಕಿದ್ದರೆ ಕೇಳಿ, ಇಲ್ಲಿಂದಲೇ ಕೂತು ಹೇಳಿಕೊಡಲು ನಾನು ತಯಾರಿದ್ದೇನೆ.