ಪರ–ವಿರೋಧ: ಕಾನೂನು ಇತಿಹಾಸದ ಪಾಠಕ್ಕೆ ನ್ಯಾಯಮೂರ್ತಿಗಳ ಜೀವನಚರಿತ್ರೆ ಬೇಕೆ?

ಪರ: ತೀರ್ಪು ಬರೆದವರು ಯಾರೆಂದು ಗೊತ್ತಿರಲೇಬೇಕು

ಜೈಲಿನಲ್ಲಿರುವವನು, ವಕೀಲರನ್ನು ಇಡಲು ಕೈಯಲ್ಲಿ ಕಾಸಿಲ್ಲದವನು. ಅವನ ಮೇಲ್ಮನವಿಯನ್ನು ಅವನ ಮಾತು ಕೇಳದೆಯೇ ತೀರ್ಮಾನಿಸಬಹುದೆ? 1891ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ, ಪೋಹ್ಪಿ ಪ್ರಕರಣದಲ್ಲಿ, ಈ ಪ್ರಶ್ನೆ ಬಂತು. ನ್ಯಾಯಮೂರ್ತಿ ಸೈಯದ್ ಮಹಮೂದ್ ಪೀಠದ ಬಹುಮತವನ್ನು ಒಪ್ಪದೆ, ಹಾಗೆ ಕೇಳದೆ ತೀರ್ಮಾನಿಸಬಾರದೆಂದು ಭಿನ್ನ ತೀರ್ಪು ಬರೆದರು.

ನಾನು ಕರಿ ಕೋಟು ಹಾಕಿದ ಹೊಸತು. ಒಬ್ಬ ಹೆಂಗಸು ಗಂಡನ ಶಿಕ್ಷೆಯ ತೀರ್ಪಿನ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಮ್ಮ ಆಫೀಸಿಗೆ ಬಂದರು. ಮಡಿಕೆ ಬಿದ್ದಲ್ಲೆಲ್ಲ ಕಾಗದ ಹರಿದಿತ್ತು. ನಮ್ಮ ಸೀನಿಯರ್ ಅದನ್ನು ನನ್ನ ಕೈಗಿಟ್ಟು, "ಅಪೀಲು ಆಮೇಲೆ ಬರೆಯುವೆಯಂತೆ, ಮೊದಲು ಮಹಮೂದರನ್ನು ಓದಿಕೊಂಡು ಬಾ" ಎಂದರು. ರಾತ್ರಿ ಕೂತು ಓದಿದೆ. ಮರುದಿನ ಸೆಕ್ಷನ್ ಕೇಳುತ್ತಾರೆಂದುಕೊಂಡಿದ್ದರೆ ಅವರು ಕೇಳಿದ್ದೇ ಬೇರೆ: "ಇದನ್ನು ಬರೆಯುವಾಗ ಅವರ ಪಕ್ಕದಲ್ಲಿ ಯಾರು ಕೂತಿದ್ದರು?" ನನಗೆ ಉತ್ತರ ಹೊಳೆಯಲಿಲ್ಲ. ಅವರೇ ಹೇಳಿದರು. ಮಹಮೂದ್ ಅಂದರೆ ಅಲಿಗಢದ ಕಾಲೇಜು ಕಟ್ಟಿದ ಸರ್ ಸೈಯದ್ ಅಹಮದ್ ಖಾನರ ಮಗ, ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಆಗಿ ಬಂದವರು, ಆ ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಮೂರ್ತಿ. ಮುಖ್ಯ ನ್ಯಾಯಮೂರ್ತಿ ಜಾನ್ ಎಡ್ಜ್ ಅವರಿಗೂ ಇವರಿಗೂ ಹೊಂದಲೇ ಇಲ್ಲ. 1893ರಲ್ಲಿ ಮಹಮೂದ್ ರಾಜೀನಾಮೆ ಕೊಟ್ಟು ಹೊರಬಿದ್ದರು. ಇದೆಲ್ಲ ಕೇಳಿದ ಮೇಲೆ ಅದೇ ಪುಟಗಳನ್ನು ಮತ್ತೆ ತೆರೆದೆ. ಆ ಹೆಂಗಸಿನ ಗಂಡನ ಪರವಾಗಿ ಕೋರ್ಟಿನಲ್ಲಿ ಎದ್ದು ನಿಂತಾಗ ನನ್ನ ದನಿ ನಡುಗಲಿಲ್ಲ. ಕಾಯ್ದೆಯ ಕಲಮು ಕೊಡದ ಧೈರ್ಯವನ್ನು ಒಬ್ಬ ಮನುಷ್ಯನ ಬದುಕು ಕೊಟ್ಟಿತ್ತು.

ನಮ್ಮ ಮಕ್ಕಳು 1773ರ ರೆಗ್ಯುಲೇಟಿಂಗ್ ಆಕ್ಟ್, 1861ರ ಹೈಕೋರ್ಟ್ ಕಾಯ್ದೆ ಎಂದು ಇಸವಿ ಉರು ಹೊಡೆಯುತ್ತಾರೆ. ತಿಂಗಳಿಗೆ ಒಂದು ರೂಪಾಯಿಗೆ ಊರ ಲೆಕ್ಕಿಗನ ಕೈಕೆಳಗೆ ದುಡಿದ ಹುಡುಗ ಮದರಾಸು ಹೈಕೋರ್ಟಿನ ಮೊದಲ ಭಾರತೀಯ ನ್ಯಾಯಮೂರ್ತಿ ಟಿ. ಮುತ್ತುಸ್ವಾಮಿ ಅಯ್ಯರ್ ಆದದ್ದು ಅವರಿಗೆ ಗೊತ್ತಿಲ್ಲ. ವ್ಯಕ್ತಿಪೂಜೆಯಾಗುತ್ತದೆ ಅನ್ನುತ್ತಾರೆ. ಅದು ಕೆಟ್ಟ ಪುಸ್ತಕಗಳ ದೋಷ. ಬರೆದವರು ಯಾರೆಂದು ತಿಳಿಯದೆ ತೀರ್ಪು ಓದುವುದು ಅರ್ಧ ಓದು, ಅಷ್ಟೆ.

ವಿರೋಧ: ಪಾಠವಾಗುವುದು ಬೇಡ

ಈ ಪಕ್ಷ ವಹಿಸಲು ನನ್ನನ್ನು ಕೇಳಿದ್ದಾರೆ. ಜೀವನಚರಿತ್ರೆಗಳನ್ನು ಇಷ್ಟಪಟ್ಟು ಓದುವವನೇ ನಾನು, ಹಾಗಾಗಿ ಪೂರ್ತಿ ವಿರೋಧ ನನ್ನಿಂದಾಗದು. ಆದರೂ ಪಠ್ಯಕ್ರಮದ ಮಟ್ಟಿಗೆ ನನಗೆ ಹಿಂಜರಿಕೆಯಿದೆ.

1775ರಲ್ಲಿ ಕಲ್ಕತ್ತೆಯಲ್ಲಿ ನಂದಕುಮಾರರನ್ನು ಫೋರ್ಜರಿ, ಅಂದರೆ ಸುಳ್ಳು ದಸ್ತಾವೇಜು ಸೃಷ್ಟಿಸಿದ ಆರೋಪದ ಮೇಲೆ ಗಲ್ಲಿಗೇರಿಸಿದರು. ಅಲ್ಲಿನ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ ಎಲೈಜಾ ಇಂಪಿಯೂ, ನಂದಕುಮಾರರು ಲಂಚದ ಆರೋಪ ಹೊರಿಸಿದ್ದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸೂ ಶಾಲೆಯಲ್ಲಿ ಜೊತೆಗೆ ಓದಿದವರು. ಅಂದಿನಿಂದ ಚರ್ಚೆಯೆಲ್ಲ ಆ ಗೆಳೆತನದ ಸುತ್ತಲೇ. ಸ್ನೇಹಕ್ಕಾಗಿ ಕೊಂದರೆ, ಇಲ್ಲವೆ? ವಿದ್ಯಾರ್ಥಿ ಕೇಳಬೇಕಾದ್ದು ಇನ್ನೊಂದಿದೆ: ಫೋರ್ಜರಿಗೆ ಮರಣದಂಡನೆ ವಿಧಿಸುವ ಇಂಗ್ಲೆಂಡಿನ ಕಾಯ್ದೆ ಬಂಗಾಳದವರಿಗೆ ಅನ್ವಯಿಸುತ್ತಿತ್ತೆ? ಕೋರ್ಟು ಹುಟ್ಟುವ ಮೊದಲೇ ನಡೆದದ್ದೆನ್ನಲಾದ ಕೃತ್ಯಕ್ಕೂ ಅನ್ವಯಿಸುತ್ತಿತ್ತೆ? ಇಂಪಿ ಸಂತನೇ ಆಗಿದ್ದರೂ ಈ ಪ್ರಶ್ನೆ ಹಾಗೇ ಉಳಿಯುತ್ತಿತ್ತು.

ಪರ ಪಕ್ಷದವರ ದಾರಿ ಹಿಡಿದರೆ ಪ್ರತಿ ತೀರ್ಪಿಗೂ ಬರೆದವರ ಜಾತಕ ತೆಗೆಸಬೇಕಾಗುತ್ತದೆ. ವಾದ ಮಂಡಿಸಿದ ವಕೀಲರು, ದುಭಾಷಿಗಳು, ಸಾಕ್ಷಿ ಹೇಳಿದ ರೈತರು ಇವರ ಚರಿತ್ರೆ ಯಾರು ಬರೆದಿದ್ದಾರೆ? ಜೀವನಚರಿತ್ರೆ ಲೈಬ್ರರಿಯಲ್ಲಿರಲಿ, ಆಸಕ್ತಿಯಿರುವವರು ಓದಲಿ. ಪರೀಕ್ಷೆಯಲ್ಲಿ ಕೇಳಬೇಕಾದ್ದು ಮಾತ್ರ ಕಾಯ್ದೆಯ ಪ್ರಶ್ನೆಯನ್ನೇ.