ಐಸಿಯು ಅಚ್ಚಿನಲ್ಲೇ ಉಳಿಯಿತು

ಉತ್ತರ ಕನ್ನಡಕ್ಕೆ ಕೊನೆಗೂ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬಂತು ಮಾರಾಯ್ರೇ. ಮೂರಂತಸ್ತು, ವೆನಿಲಾ, ಮೊಟ್ಟೆ ಹಾಕದ್ದು. ನಾಯಕರೊಬ್ಬರು ತಮ್ಮ ಹುಟ್ಟುಹಬ್ಬದ ದಿನ ಕಾರವಾರದಲ್ಲಿ ಸ್ವತಃ ಚಾಕು ಹಿಡಿದು ಉದ್ಘಾಟಿಸಿದರು.

ಆಸ್ಪತ್ರೆ ಕಟ್ಟುವುದಕ್ಕೆ ಜಾಗ ಬೇಕು, ದುಡ್ಡು ಬೇಕು, ತಜ್ಞ ವೈದ್ಯರು ಬೇಕು. ಬೇಯಿಸುವುದಕ್ಕೆ ಸಿಲಿಕೋನ್ ಅಚ್ಚೊಂದಿದ್ದರೆ ಸಾಕು. ಅಭಿಮಾನಿಗಳು ಅದನ್ನು ತರಿಸಿ, ಕಾಜುಬಾಗದಲ್ಲಿ ಮನೆಯಲ್ಲೇ ಕೇಕ್ ಮಾಡಿಕೊಡುವ ಅಕ್ಕನ ಕೈಗಿಟ್ಟರು.

"ತಮ್ಮಾ, ಇದು ಮೆತ್ತನೆ ಅಚ್ಚು. ಹಿಟ್ಟು ಹೊಯ್ಯೋ ಮೊದ್ಲೇ ಅಡಿಗೆ ಗಟ್ಟಿ ಟ್ರೇ ಇಡ್ಬೇಕು. ಇಲ್ದಿದ್ರೆ ಎತ್ತುವಾಗ್ಲೇ ಕಟ್ಟಡ ಬಾಗ್ತದೆ" ಎಂದಳು ಅಕ್ಕ.

"ಅಡಿಪಾಯ ಆಮೇಲೆ ನೋಡುವ ಅಕ್ಕಾ, ಮೊದ್ಲು ಕಿಟಕಿ ಚೆಂದ ಬರ್ಲಿ."

ಕಿಟಕಿ ಮೂಡಬೇಕಾದರೆ ಹಗುರ ಸ್ಪಂಜ್ ಆಗದು, ಬೆಣ್ಣೆ ಹಾಕಿದ ದಪ್ಪ ಹಿಟ್ಟೇ ಬೇಕು. ಸಂದುಗೊಂದಿಗೆಲ್ಲ ಬೆಣ್ಣೆ ಸವರಬೇಕು. ಅಚ್ಚಿನ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಬೇಕು. ತಗಡಿನ ಹಾಗೆ ಸಿಲಿಕೋನ್ ಬೇಗ ಶಾಖ ಬಿಡುವುದಿಲ್ಲ, ಕಾಯಬೇಕು. ಹೊರಗೆ ತೆಗೆದ ಮೇಲೂ 10–15 ನಿಮಿಷ ಆರಲು ಬಿಡಬೇಕು. ಅಷ್ಟರಲ್ಲಿ ನಾಯಕರ ಕಾರು ಕೋಡಿಬಾಗ ದಾಟಿತ್ತು. ಬಿಸಿ ಬಿಸಿಯಲ್ಲೇ ಕವುಚಿದರು. ಓಪಿಡಿ ಬಂತು, ಲಿಫ್ಟ್ ಬಂತು, ಐಸಿಯು ಅಚ್ಚಿಗೇ ಅಂಟಿಕೊಂಡಿತು.

"ಐಸಿಯು ಎಲ್ಲಿ?" ಎಂದವರಿಗೆ ಪಕ್ಕದವರು ರೂಢಿಬಲದಿಂದ, "ಮಣಿಪಾಲಕ್ಕೆ ಬರೆದುಕೊಟ್ಟಿದ್ದಾರೆ" ಎಂದರು. ಇಲ್ಲಿಂದ ಮಣಿಪಾಲ 200 ಕಿಲೋಮೀಟರಿಗೂ ಮಿಕ್ಕಿ ದೂರ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್‌ನಲ್ಲಿ ಮಗುಚಿ ಬಿದ್ದು ಜನ ಸತ್ತಾಗ, ಜಿಲ್ಲೆಗೊಂದು ಆಸ್ಪತ್ರೆ ಕೊಡಿ ಎಂದು ಇಡೀ ಕರಾವಳಿ ಕೂಗಿತ್ತು. ವೇದಿಕೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಬಾಯಿ ತುಂಬ ಕ್ರೀಮ್ ಇತ್ತು. ಐಸಿಯು ಇರಬೇಕಾದ ಗುಂಡಿಗೂ ಕ್ರೀಮ್ ಮೆತ್ತಿ, ಮೇಲೆ ಚೆರ್ರಿ ಇಟ್ಟರು.

ಒಂದು ಉಪಕಾರವಂತೂ ಆಯಿತು. ಆಸ್ಪತ್ರೆ ಘಟ್ಟದ ಕೆಳಗೋ ಮೇಲೋ, ಕುಮಟೆಗೋ ಶಿರಸಿಗೋ ಎಂಬ ಜಗಳ ಅಲ್ಲೇ ತೀರಿತು. 12 ತಾಲೂಕಿಗೆ 12 ತುಂಡು. ಜೋಯಿಡಾದ ಪಾಲಿಗೆ ಕ್ರೀಮ್ ಇಲ್ಲದ ಮೂಲೆ. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಬೇಡವೆಂದರು. ಸೌಲಭ್ಯ ಕೊಟ್ಟರೂ ಜನ ಬಳಸಿಕೊಳ್ಳುವುದಿಲ್ಲ ಎಂದು ನಾಯಕರು ಮೈಕಿನಲ್ಲೇ ನೊಂದುಕೊಂಡರು.

ಸಿಲಿಕೋನ್ ಅವರಿಗೆ ಬಹಳ ಹಿಡಿಸಿದೆ. ಹೇಗೆ ತಿರುಚಿದರೂ ಮುರಿಯುವುದಿಲ್ಲ, ಕೈ ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬರುತ್ತದೆ. ಪಕ್ಷ ಬದಲಿಸಿ ಅಭ್ಯಾಸವಿದ್ದವರಿಗೆ ಹಿಡಿಸದೆ ಇರುತ್ತದೆಯೇ?

ಮುಂದಿನ ವರ್ಷಕ್ಕೆ ಹುಬ್ಬಳ್ಳಿ–ಅಂಕೋಲಾ ರೈಲಿನ ಅಚ್ಚಿಗೆ ಹೇಳಿಯಾಗಿದೆ. ಅಸಲಿ ರೈಲು 1990ರ ದಶಕದಿಂದ ಕಡತದಲ್ಲಿ ಓಡುತ್ತಿದೆ.

"ಬೋಗಿ ಎಷ್ಟು ಬೇಕು?" ಎಂದು ಅಕ್ಕ ಕೇಳಿದಳಂತೆ.

"ಸದ್ಯಕ್ಕೆ ಎಂಜಿನ್ ಒಂದು ಮಾಡಕ್ಕಾ. ಬೋಗಿ ಎರಡನೇ ಹಂತದಲ್ಲಿ."